ಮರದ ಚೌಕಟ್ಟಿನ ಗೋಡೆಗೆ ಪ್ಲಾಸ್ಟಿಕ್ ಹಾಳೆ ಬೇಕಾ, ಬೇಡ್ವಾ?

ಮರದ ಚೌಕಟ್ಟಿನ ಮನೆ ಕಟ್ಟಿಸುತ್ತಿದ್ದೀರಿ. ಗೋಡೆಯ ಒಳಮೈಗೆ ಪಾಲಿಥೀನ್ ಹಾಳೆ ಹಾಕಲೇಬೇಕು ಅಂತ ಒಬ್ಬರು ಹೇಳಿದ್ದಾರೆ. ಹಾಕಿದರೆ ಗೋಡೆ ಕೊಳೆಯುತ್ತದೆ ಅಂತ ಇನ್ನೊಬ್ಬರು. ಗೊಂದಲವೇ ಬೇಡ, ಒಳಗೂ ಹೊರಗೂ ಹಾಕಿಬಿಟ್ಟರೆ ಆಗಲ್ವಾ ಅಂತ ಕೇಳಿದ್ದೀರಿ.

ಆ ಕೊನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ. ದಯವಿಟ್ಟು ಎರಡೂ ಕಡೆ ಹಾಕಬೇಡಿ. ಇಂಥ ಗೋಡೆಗಳನ್ನು ಬಿಚ್ಚಿ ರಿಪೇರಿ ಮಾಡುವುದೇ ನನ್ನ ಕೆಲಸ. ಎಷ್ಟೇ ಜಾಗ್ರತೆಯಿಂದ ಕಟ್ಟಿದರೂ ಯಾವತ್ತಾದರೂ ಒಂದಿಷ್ಟು ನೀರು ಗೋಡೆಯೊಳಗೆ ಹೋಗಿಯೇ ಹೋಗುತ್ತದೆ. ಎರಡೂ ಕಡೆ ಪ್ಲಾಸ್ಟಿಕ್ ಇದ್ದರೆ ಅದಕ್ಕೆ ಹೊರಬರುವ ದಾರಿಯೇ ಇರುವುದಿಲ್ಲ. ಹಾಗಾಗಿ ಗೋಡೆಯ ಬಗ್ಗೆ ಕೇಳಬೇಕಾದ ದೊಡ್ಡ ಪ್ರಶ್ನೆ ಇದು: ಒದ್ದೆಯಾದರೆ ಇದು ಯಾವ ಕಡೆಗೆ ಒಣಗುತ್ತದೆ?

ಗೋಡೆಗೆ ತೇವ ಬರುವ ದಾರಿಗಳು ನಾಲ್ಕು. ಮಳೆ, ಅಡಿಪಾಯದಿಂದ ಮೇಲೇರುವ ಪಸೆ, ಸಂದುಗಳಲ್ಲಿ ನುಗ್ಗುವ ಗಾಳಿ ಹೊತ್ತು ತರುವ ಆವಿ, ಕೊನೆಗೆ ಗೋಡೆಯ ಒಳಮೈಗೆ ಹೊಡೆಯುವ ಬೋರ್ಡಿನ ಮೂಲಕವೇ ನಿಧಾನಕ್ಕೆ ದಾಟುವ ಆವಿ. ಹಾನಿಯ ಲೆಕ್ಕದಲ್ಲೂ ಹೆಚ್ಚುಕಡಿಮೆ ಇದೇ ಕ್ರಮ. ಪ್ಲಾಸ್ಟಿಕ್ ಹಾಳೆಯ ಬಗ್ಗೆ ಇರುವ ಜಗಳವೆಲ್ಲ ಈ ನಾಲ್ಕನೆಯದರ ಮೇಲೆ. ಮೊದಲ ಮೂರನ್ನು ಬಿಟ್ಟು ಜನ ಇದಕ್ಕೇ ತಲೆ ಕೆಡಿಸಿಕೊಳ್ಳುವುದನ್ನು ನೋಡಿದರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಮಳೆಯಿಂದ ಶುರು ಮಾಡೋಣ. ಕೆನಡಾದ ವ್ಯಾಂಕೂವರ್ ಸುತ್ತಮುತ್ತ 1980 ಮತ್ತು 90ರ ದಶಕಗಳಲ್ಲಿ ಕಟ್ಟಿದ ಸಾವಿರಾರು ಫ್ಲ್ಯಾಟುಗಳು ಕೆಲವೇ ವರ್ಷಗಳಲ್ಲಿ ಒಳಗಿಂದ ಕೊಳೆತವು. 1998ರಲ್ಲಿ ಆ ಪ್ರಾಂತ್ಯದ ಮಾಜಿ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯ ಹಾಗೆ) ಡೇವ್ ಬ್ಯಾರೆಟ್ ನೇತೃತ್ವದಲ್ಲಿ ವಿಚಾರಣಾ ಆಯೋಗವೇ ಕೂತಿತು. ಆದದ್ದು ಸರಳ. ಕಿಟಕಿಯ ಮೂಲೆ, ಬಾಲ್ಕನಿಯ ಸಂದು, ಪ್ಯಾರಪೆಟ್ಟಿನ ತುದಿ ಇಂಥ ಕಡೆ ಮಳೆನೀರು ಒಳಗೆ ಹೋಯಿತು. ಹೊರಗಿನ ಗಾರೆ ಚೌಕಟ್ಟಿಗೆ ಅಂಟಿಕೊಂಡೇ ಇತ್ತು. ಹೋದ ನೀರು ಇಳಿದು ಹೋಗಲೂ ಇಲ್ಲ, ಒಣಗಲೂ ಇಲ್ಲ. ಹೊರಗಿನಿಂದ ನೋಡಿದರೆ ಗೋಡೆ ಚೆನ್ನಾಗಿಯೇ ಕಾಣುತ್ತಿತ್ತು, ಒಳಗೆ ಮರ ಲಡ್ಡಾಗಿತ್ತು.

ಇದಕ್ಕೆ ಪರಿಹಾರವೂ ಅಷ್ಟೇ ಸರಳ. ಹೊರಗಿನ ಹೊದಿಕೆಗೂ ಅದರ ಹಿಂದಿನ ನೀರು ತಡೆಯುವ ಹಾಳೆಗೂ ನಡುವೆ 10ರಿಂದ 20 ಮಿಲಿಮೀಟರ್ ಖಾಲಿ ಜಾಗ ಬಿಡಿ. ಉದ್ದಕ್ಕೆ ಮರದ ಪಟ್ಟಿ ಹೊಡೆದು ಅದರ ಮೇಲೆ ಹೊದಿಕೆ ಹಾಕಿದರೆ ಸಾಕು. ಕೆಳಗೆ ತೆರೆದಿರಬೇಕು, ಹುಳುಹುಪ್ಪಟೆ ಬಾರದಂತೆ ಜಾಲರಿ ಇರಬೇಕು. ಹೊದಿಕೆ ದಾಟಿ ಬಂದ ನೀರು ಅಲ್ಲೇ ಇಳಿದು ಹೋಗುತ್ತದೆ, ಉಳಿದ ಪಸೆಯನ್ನು ಗಾಳಿ ಒಣಗಿಸುತ್ತದೆ. ಇಡೀ ಗೋಡೆಯಲ್ಲಿ ಎಲ್ಲಾದರೂ ಒಂದು ಕಡೆ ಜಾಸ್ತಿ ದುಡ್ಡು ಹಾಕುವುದಾದರೆ ನಾನು ಇಲ್ಲೇ ಹಾಕುತ್ತೇನೆ.

ಕಿಟಕಿ ಕೂರಿಸುವಾಗ ನೀವೇ ಹೋಗಿ ನಿಂತು ನೋಡಿ. ಕೆಳಗಿನ ಚೌಕಟ್ಟಿನ ಮೇಲೆ ಹೊರಕ್ಕೆ ಇಳಿಜಾರಿರುವ ಫ್ಲ್ಯಾಶಿಂಗ್ (ನೀರನ್ನು ಹೊರಕ್ಕೆ ಹರಿಸುವ ತಗಡು ಅಥವಾ ಹಾಳೆ) ಇರಬೇಕು, ಅದರ ಎರಡು ತುದಿಗಳು ಮೇಲಕ್ಕೆ ಮಡಚಿರಬೇಕು. ಹಾಳೆಗಳೆಲ್ಲ ಹೆಂಚು ಹೊದಿಸಿದ ಹಾಗೆ, ಮೇಲಿನದು ಕೆಳಗಿನದರ ಮೇಲೆ ಬರಬೇಕು. ಇದು ತಿರುಗುಮುರುಗಾದರೆ ಹಾಳೆಯೇ ನೀರನ್ನು ಮರದ ಕಡೆಗೆ ಕಳಿಸುತ್ತದೆ. ಸುಮ್ನೆ ಸೀಲೆಂಟ್ ಬಳಿದು ಮುಗಿಸಲು ಬಿಡಬೇಡಿ, ಅದು ಕೆಲವು ವರ್ಷಗಳಲ್ಲಿ ಬಿರುಕು ಬಿಡುತ್ತದೆ.

ನೆಲದ ಪಸೆಯದು ದೊಡ್ಡ ಕಥೆಯಲ್ಲ. ಕಾಂಕ್ರೀಟಿಗೂ ಅದರ ಮೇಲೆ ಕೂರುವ ಮರಕ್ಕೂ ನಡುವೆ ನೀರು ಹೀರದ ಫೋಮ್ ಪಟ್ಟಿ ಹಾಕಿಸಿ.

ಈಗ ಗಾಳಿ. ಚಳಿ ಸೀಮೆಗೆ ಮಾಡಿರುವ ಒಂದು ಲೆಕ್ಕ ಕಟ್ಟಡದವರ ನಡುವೆ ಹೆಸರುವಾಸಿ. ನಾಲ್ಕು ಅಡಿಗೆ ಎಂಟು ಅಡಿಯ ಒಂದು ಜಿಪ್ಸಮ್ ಬೋರ್ಡಿನ ಮೂಲಕ ಇಡೀ ಚಳಿಗಾಲದಲ್ಲಿ ಸೋಸಿ ದಾಟುವ ಆವಿ ಲೀಟರಿನ ಮೂರನೇ ಒಂದು ಭಾಗದಷ್ಟು. ಅದೇ ಬೋರ್ಡಿನಲ್ಲಿ ಒಂದು ಚದರ ಇಂಚಿನ ತೂತಿದ್ದರೆ ಗಾಳಿಯ ಜೊತೆ ಹೋಗುವ ಆವಿ 30 ಲೀಟರಿನ ಹತ್ತಿರ. ಸ್ವಿಚ್ ಬಾಕ್ಸಿನ ಸುತ್ತ, ಪೈಪು ಹೋಗುವ ಜಾಗದಲ್ಲಿ, ಗೋಡೆ ಚಾವಣಿ ಸೇರುವ ಕಡೆ ಇಂಥ ಸಂದು ಎಷ್ಟಿರುತ್ತವೆ ಅಂತ ನೀವೇ ಎಣಿಸಿ. ಅವನ್ನು ಮುಚ್ಚದೆ ದಪ್ಪ ಪ್ಲಾಸ್ಟಿಕ್ ಹಾಕಿ ಏನು ಪ್ರಯೋಜನ? ಬಚ್ಚಲಮನೆ ಮತ್ತು ಅಡುಗೆಮನೆಯ ಫ್ಯಾನುಗಳು ಮನೆಯಿಂದ ಹೊರಕ್ಕೇ ಗಾಳಿ ಬಿಡಬೇಕು, ಅಟ್ಟಕ್ಕಲ್ಲ.

ಇನ್ನು ನಿಮ್ಮ ಹಾಳೆಯ ವಿಷಯ. ನಿಮಗೆ ಹೇಳಿದ ಇಬ್ಬರೂ ಬೇರೆ ಬೇರೆ ಹವಾಮಾನಕ್ಕೆ ಸರಿ. ಆವಿ ಸಾಮಾನ್ಯವಾಗಿ ಬೆಚ್ಚಗಿನ, ತೇವದ ಕಡೆಯಿಂದ ತಣ್ಣಗಿನ, ಒಣ ಕಡೆಗೆ ಹೋಗುತ್ತದೆ. ಮನೆಯೊಳಗೆ 21 ಡಿಗ್ರಿ, ತೇವಾಂಶ ಶೇ 40 ಇದ್ದರೆ ಆ ಗಾಳಿಯ ಇಬ್ಬನಿ ಬಿಂದು, ಅಂದರೆ ಆವಿ ನೀರ ಹನಿಯಾಗತೊಡಗುವ ಉಷ್ಣತೆ, ಸುಮಾರು 7 ಡಿಗ್ರಿ. ಹೊರಗೆ ಹಿಮ ಬೀಳುವಾಗ ಗೋಡೆಯ ಹೊರಬದಿಯ ಪ್ಲೈವುಡ್ ಅದಕ್ಕಿಂತ ತಣ್ಣಗಿರುತ್ತದೆ, ಆವಿ ಅಲ್ಲಿ ಹನಿಯಾಗುತ್ತದೆ. ಅದಕ್ಕೇ ತೀವ್ರ ಚಳಿಯ ಕಡೆ ಒಳಗೆ ಆವಿ ತಡೆ ಹಾಕುತ್ತಾರೆ. ಸೆಕೆ ಮತ್ತು ತೇವದ ಊರಲ್ಲಿ ಎಲ್ಲ ಉಲ್ಟಾ. ಹೊರಗೆ 30 ಡಿಗ್ರಿ, ಶೇ 75 ತೇವಾಂಶ ಇದ್ದರೆ ಇಬ್ಬನಿ ಬಿಂದು 25 ಡಿಗ್ರಿ. ಏಸಿ ಹಾಕಿದ ಕೋಣೆಯ ಗೋಡೆ 23 ಡಿಗ್ರಿ ಇದ್ದರೆ, ಒಳಗೆ ಹಾಕಿದ ಪ್ಲಾಸ್ಟಿಕ್ಕಿನ ಬೆನ್ನ ಮೇಲೆಯೇ ನೀರು ಕೂರುತ್ತದೆ. ವಿನೈಲ್ ವಾಲ್‌ಪೇಪರ್ ಅಂಟಿಸಿದ ಕೋಣೆಗಳಲ್ಲಿ ಅದನ್ನು ಕಿತ್ತಾಗ ಹಿಂದೆ ಬೂಷ್ಟು ಕಾಣುವುದು ಇದಕ್ಕೇ.

ಚಳಿಯೂ ಸೆಕೆಯೂ ಎರಡೂ ಇರುವ ಕಡೆ ನಾನು ಪಾಲಿಥೀನ್ ಬಿಟ್ಟು ಗುಣ ಬದಲಿಸುವ ಹಾಳೆ ಹಾಕಿಸುತ್ತೇನೆ. ಒಣಗಿದ್ದಾಗ ಅದು ಆವಿಯನ್ನು ತಡೆಯುತ್ತದೆ, ತೇವ ಜಾಸ್ತಿಯಾದಾಗ ಬಿಟ್ಟುಕೊಡುತ್ತದೆ. ಬಜೆಟ್ ಇದ್ದರೆ ಪ್ಲೈವುಡ್ಡಿನ ಹೊರಗೆ ಖನಿಜ ಉಣ್ಣೆಯ ಗಟ್ಟಿ ಹಲಗೆ ಹಾಕಿಸಿ. ಆಗ ಪ್ಲೈವುಡ್ ಬೆಚ್ಚಗಿರುತ್ತದೆ, ಉಣ್ಣೆಯ ಮೂಲಕ ಆವಿ ಹೊರಗೂ ಹೋಗುತ್ತದೆ. ಅದು ಎಷ್ಟು ದಪ್ಪ ಇರಬೇಕು ಅನ್ನುವುದು ನಿಮ್ಮ ಚಳಿಯ ಮೇಲೆ ನಿಂತಿದೆ, ಅಲ್ಲಿನ ಕಟ್ಟಡ ನಿಯಮ ನೋಡಿ.

ಹಳೇ ಮರದ ಮನೆಗಳು ಇದ್ಯಾವುದೂ ಇಲ್ಲದೆ ನೂರು ವರ್ಷ ನಿಂತಿವೆಯಲ್ಲ ಅಂತ ಯಾರಾದರೂ ಹೇಳಬಹುದು. ನಿಂತಿವೆ, ನಿಜ. ಅವುಗಳಲ್ಲಿ ಇನ್ಸುಲೇಷನ್, ಅಂದರೆ ಬಿಸಿ ಸೋರದಂತೆ ತಡೆಯುವ ಪದರ, ಇರಲಿಲ್ಲ. ಒಳಗಿನ ಬಿಸಿ ಗೋಡೆಯ ಮೂಲಕ ಸೋರಿ ಮರವನ್ನು ಒಣಗಿಸುತ್ತಿತ್ತು. ನಾವು ಆ ಬಿಸಿಯನ್ನು ಉಳಿಸಿಕೊಂಡೆವು, ಅದರ ಜೊತೆಗೆ ಒಣಗುವ ಶಕ್ತಿಯೂ ಹೋಯಿತು.

ನಿಮ್ಮ ಗೋಡೆ ಇನ್ನೂ ತೆರೆದಿದೆ ಅಂದಿದ್ದೀರಿ, ಒಳ್ಳೆಯದು. ಎರಡು ಮುಳ್ಳಿನ ತೇವ ಮೀಟರ್ ತಂದು ಸ್ಟಡ್ಡುಗಳನ್ನು (ಗೋಡೆಯ ನೆಟ್ಟನೆಯ ಮರದ ಕಂಬಗಳನ್ನು), ಅದರಲ್ಲೂ ಕೆಳಗಿನ ಅಡ್ಡಪಟ್ಟಿಯನ್ನು ಚುಚ್ಚಿ ನೋಡಿ. ಶೇ 19ರ ಒಳಗೆ ಬರುವ ತನಕ ಜಿಪ್ಸಮ್ ಬೋರ್ಡ್ ಹೊಡೆಯಲು ಬಿಡಬೇಡಿ. ಅದಕ್ಕಿಂತ ಜಾಸ್ತಿ ತೋರಿಸಿದರೆ ಫ್ಯಾನ್ ಇಟ್ಟು ಒಣಗಿಸಿ, ಇನ್ಸುಲೇಷನ್ ಒದ್ದೆಯಾಗಿದ್ದರೆ ತೆಗೆಸಿ. ನಿಮ್ಮಲ್ಲಿ ಚಳಿಗಾಲ ಎಷ್ಟು ತಿಂಗಳು, ಏಸಿ ಹಾಕ್ತೀರಾ, ಹೊರಗಿನ ಹೊದಿಕೆ ಯಾವುದು ಅಂತ ತಿಳಿಸಿದರೆ ಯಾವ ಹಾಳೆ ಸರಿ ಅಂತ ಹೇಳಬಲ್ಲೆ.