ಆಸ್ಟ್ರೇಲಿಯಾದ ಹೂಜಿ ಗಿಡ (ಹೂಜಿಯಂಥ ಎಲೆಗಳಲ್ಲಿ ಕೀಟ ಹಿಡಿಯುವ ಸೆಫಲೋಟಸ್) ನಿನ್ನೆಯವರೆಗೂ ಚೆನ್ನಾಗಿತ್ತು, ಇಂದು ಬಾಡಿದೆ. ಏಕೆ?

ಬಹುಮಟ್ಟಿಗೆ ಬೇರು ಕೊಳೆತಿರುತ್ತದೆ. ಕುಂಡದ ಕೆಳಗಿನ ತಟ್ಟೆಯಲ್ಲಿ ಸದಾ ನಿಲ್ಲುವ ಬೆಚ್ಚಗಿನ ನೀರೇ ಕಾರಣ. ಜೌಗಿನ ಗಿಡವಲ್ಲವೇ ಎಂದು ನಾವು ಅದನ್ನು ನೀರಿನಲ್ಲೇ ಕೂರಿಸಿಬಿಡುತ್ತೇವೆ. ಆದರೆ ಸೆಫಲೋಟಸ್‌ನ ತವರಾದ ಪಶ್ಚಿಮ ಆಸ್ಟ್ರೇಲಿಯಾದ ಆಲ್ಬನಿ ಸುತ್ತಿನ ಕರಾವಳಿಯಲ್ಲಿ, ಮರಳು ಬೆರೆತ ಪೀಟ್ ಮಣ್ಣಿನ (ಅರೆ ಕೊಳೆತ ಸಸ್ಯಗಳಿಂದಾದ ಮಣ್ಣು) ಮೂಲಕ ನೀರು ಒಸರುತ್ತಾ ಸಾಗುತ್ತದೆ, ನಿಲ್ಲುವುದಿಲ್ಲ.

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. ಉಸಿರುಗಟ್ಟಿದ ಬೇರಿಗೆ ಶಿಲೀಂಧ್ರ ಸುಲಭವಾಗಿ ಹತ್ತುತ್ತದೆ. ದಪ್ಪನೆಯ ಎಲೆ, ಹೂಜಿಗಳು ತಮ್ಮಲ್ಲಿರುವ ತೇವದಿಂದಲೇ ಕೆಲವು ದಿನ ಹಸಿರಾಗಿರುವುದರಿಂದ ಸಾವು ಹಠಾತ್ತನೆ ಬಂದಂತೆ ಕಾಣುತ್ತದೆ, ಅಷ್ಟೆ. ಕುಂಡದಿಂದ ಕಿತ್ತು ನೋಡಿ: ಬೇರು ಕಂದು ಬಣ್ಣಕ್ಕೆ ತಿರುಗಿ, ಬೆರಳಿಗೆ ಲೊಳೆಯಾಗಿ ಅಂಟುತ್ತದೆ.

ಹೊಸ ಗಿಡವಾದರೆ ಎತ್ತರದ ಕುಂಡ, ಪೀಟ್‌ಗೆ ಸಮಪಾಲು ಪರ್ಲೈಟ್ (ಮಣ್ಣನ್ನು ಸಡಿಲಗೊಳಿಸುವ ಹಗುರವಾದ ಬಿಳಿ ಹರಳು). ಮೇಲಿನಿಂದ ಮಳೆನೀರು ಹಾಕಿ, ಕೆಳಗೆ ಇಳಿದದ್ದನ್ನು ಚೆಲ್ಲಿ. ಬೋರ್‌ವೆಲ್ ನೀರು, ಗೊಬ್ಬರ ಎರಡೂ ಬೇಡ. ಅವುಗಳ ಲವಣ ಬೇರನ್ನು ಸುಡುತ್ತದೆ. ಬಿಸಿಲು ಸಹಿಸುತ್ತದೆ, ಆದರೆ ರಾತ್ರಿ ತಂಪಾಗಬೇಕು. ಬಯಲುಸೀಮೆಯ ಬೇಸಿಗೆಯಲ್ಲಿ ಕಷ್ಟವೇ. ಹೆಬ್ಬೆರಳಿನ ತುದಿಯಷ್ಟು ಹೂಜಿಗೆ ಇಷ್ಟೆಲ್ಲ ಉಪಚಾರವೇ ಎಂದರೆ, ಅದರ ಬಾಯಂಚಿನ ಹಲ್ಲುಗಳನ್ನು ಒಮ್ಮೆ ಹತ್ತಿರದಿಂದ ನೋಡಿ.

ಸತ್ತ ಗಿಡವನ್ನು ಎಸೆಯುವ ಮುನ್ನ ಗಟ್ಟಿಯಾಗಿ ಉಳಿದ ಬೇರಿನ ತುಂಡೊಂದನ್ನು ಕತ್ತರಿಸಿ ಒದ್ದೆ ಸ್ಫ್ಯಾಗ್ನಮ್ ಪಾಚಿಯಲ್ಲಿ (ಗಿಡ ನೆಡಲು ಬಳಸುವ ಮಾಸ್) ಹೂಳಿಡಿ. ಕೆಲವು ತಿಂಗಳಲ್ಲಿ ಚಿಗುರಬಹುದು.