ಭಾರೀ ಗೇಮ್ ಆಡಿ ಟೆಸ್ಟ್ ಮಾಡಿದ್ದೇ ನನ್ನ ತಪ್ಪು

ಸ್ಟೀಮ್ ಡೆಕ್ ಅನ್ನೋ ಕೈಯಲ್ಲಿ ಹಿಡಿದು ಗೇಮ್ ಆಡುವ ಕಂಪ್ಯೂಟರಿನಲ್ಲಿ ಓವರ್‌ಕ್ಲಾಕ್ (ಚಿಪ್ಪನ್ನು ನಿಗದಿಗಿಂತ ವೇಗವಾಗಿ ಓಡಿಸೋದು), ಅಂಡರ್‌ವೋಲ್ಟ್ (ಅದಕ್ಕೆ ಹೋಗುವ ವೋಲ್ಟೇಜ್ ಇಳಿಸೋದು) ಎರಡನ್ನೂ ಸೇಫ್ ಆಗಿ ಮಾಡೋಕೆ ಎಷ್ಟು ಮಿಲಿವೋಲ್ಟ್ ಇಳಿಸಬೇಕು ಅಂತ ಕೇಳಿದ್ದೀರಿ. ನಾನೂ ಒಂದು ಕಾಲದಲ್ಲಿ ಇದೇ ನಂಬರ್ ಹುಡುಕಿಕೊಂಡು ಅಲೆದವನು. ಸಿಕ್ಕಿತು ಕೂಡ.

ಯಾರೋ ಒಬ್ಬರು ‘ನನ್ನದು ಮೂರರಲ್ಲೂ ಮೈನಸ್ 50, ಬೆಣ್ಣೆ ಥರ ಓಡ್ತಿದೆ’ ಅಂತ ಬರೆದಿದ್ದರು. ವಾಲ್ಯೂಮ್ ಜಾಸ್ತಿ ಮಾಡುವ ಬಟನ್ ಒತ್ತಿ ಹಿಡಿದು ಪವರ್ ಒತ್ತಿದೆ, ಬಯಾಸ್, ಅಂದರೆ ಮೆಷಿನ್‌ನ ಮೂಲ ಸೆಟ್ಟಿಂಗ್‌ಗಳ ಪುಟ, ತೆರೆಯಿತು. ಲೆಕ್ಕ ಮಾಡುವ ಸಿಪಿಯು, ಚಿತ್ರ ಮೂಡಿಸುವ ಜಿಪಿಯು, ಚಿಪ್‌ನ ಉಳಿದ ಭಾಗಗಳ ಎಸ್‌ಒಸಿ ಅಂತ ಮೂರು ಸಾಲು. ಮೂರಕ್ಕೂ 50 ಮಿಲಿವೋಲ್ಟ್‌ವರೆಗೆ ಇಳಿಸುವ ಅವಕಾಶ ಇದೆ. ಕಂಪನಿಯವರೇ ಕೊಟ್ಟಿರುವ ಮಿತಿ, ಅದರೊಳಗೇ ಇದ್ದೀನಲ್ಲ, ಏನಾಗುತ್ತೆ ಅಂದುಕೊಂಡು ಮೂರನ್ನೂ ಒಂದೇ ಸಲ ತಳಕ್ಕೆ ಇಳಿಸಿದೆ. ಆಮೇಲೆ ನನ್ನ ಹತ್ತಿರ ಇದ್ದ ಅತ್ಯಂತ ಭಾರೀ ಗೇಮ್ ಹಾಕಿ ಒಂದು ಗಂಟೆ ಆಡಿದೆ. ಫ್ಯಾನ್ ಸದ್ದು ಇಳಿದಿತ್ತು, ಬಿಸಿ ಕಮ್ಮಿ, ಸೆಕೆಂಡಿಗೆ ಮೂಡುವ ಚಿತ್ರಗಳು, ಅಂದರೆ ಫ್ರೇಮ್, ಸ್ವಲ್ಪ ಜಾಸ್ತಿ. ಪಾಸ್ ಅಂತ ನಾನೇ ಸರ್ಟಿಫಿಕೇಟ್ ಕೊಟ್ಟುಕೊಂಡೆ.

ನಾಲ್ಕೈದು ದಿನ ಬಿಟ್ಟು ಒಂದು ಬೆಳಿಗ್ಗೆ ಸ್ಲೀಪ್‌ನಿಂದ ಎಬ್ಬಿಸಿದರೆ ಪರದೆ ಕಪ್ಪು. ಫ್ಯಾನ್ ಮಾತ್ರ ತಿರುಗುತ್ತಿತ್ತು. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಮತ್ತೆ ಆನ್ ಮಾಡಿ, ಗೇಮನ್ನು ಬೈದು ಸುಮ್ಮನಾದೆ. ಎರಡನೇ ಸಲವೂ ಹಾಗೇ ಬೈದೆ. ಮೂರನೇ ಸಲ ಆನ್ ಆದಮೇಲೆ ಗೇಮ್ ತೆರೆದರೆ ‘ಸೇವ್ ಫೈಲ್ ಹಾಳಾಗಿದೆ’ ಅಂತ ಬಂತು. 70 ಗಂಟೆ ಆಡಿದ ಗೇಮ್ ಸ್ವಾಮಿ. ಕ್ಲೌಡ್‌ನಲ್ಲಿ ಕಾಪಿ ಇದೆಯಲ್ಲ ಅಂತ ಓಡಿದರೆ, ಅಷ್ಟರಲ್ಲಿ ಹಾಳಾದ ಫೈಲೇ ನಿಷ್ಠೆಯಿಂದ ಮೇಲಕ್ಕೆ ಹೋಗಿ, ಒಳ್ಳೆಯದರ ಜಾಗದಲ್ಲಿ ಕೂತುಬಿಟ್ಟಿತ್ತು.

ಇಲ್ಲಿ ಸ್ವಲ್ಪ ಎಳೆದು ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಫುಲ್ ಲೋಡ್‌ನಲ್ಲಿ ನಿಂತರೆ ಎಲ್ಲೆಡೆ ನಿಲ್ಲುತ್ತೆ ಅಂತ ನಾನು ನಂಬಿದ್ದೆ. ಚಿಪ್ ಜೋರಾಗಿ ಓಡುವಾಗ ಅದಕ್ಕೆ ಹೋಗುವ ವೋಲ್ಟೇಜೂ ಜಾಸ್ತಿ ಇರುತ್ತದೆ. ಸುಮ್ನೆ ಕೂತಾಗ, ಅಂದರೆ ಮೆನು ನೋಡುವಾಗ, ಡೌನ್‌ಲೋಡ್ ಆಗುವಾಗ, ವೋಲ್ಟೇಜ್ ಮೊದಲೇ ಇಳಿದಿರುತ್ತದೆ. ನಾವು ಕಳೆಯುವುದು ಮಾತ್ರ ಎರಡೂ ಕಡೆ ಅದೇ 50. 1000 ಮಿಲಿವೋಲ್ಟ್‌ನಲ್ಲಿ 50 ಹೋದರೆ ಶೇ 5. 700ರಲ್ಲಿ 50 ಹೋದರೆ ಶೇ 7ಕ್ಕಿಂತ ಜಾಸ್ತಿ. ಅದರ ಮೇಲೆ, ನಿದ್ದೆಯಿಂದ ಎದ್ದಾಗ, ಲೋಡಿಂಗ್ ಮುಗಿದು ಗೇಮ್ ಶುರುವಾದಾಗ, ಚಿಪ್ ತಟ್ಟನೆ ಕರೆಂಟ್ ಎಳೆಯುತ್ತದೆ, ಆ ಕ್ಷಣ ವೋಲ್ಟೇಜ್ ಇನ್ನೊಂದಿಷ್ಟು ಕುಸಿಯುತ್ತದೆ. ಆ ಕ್ಷಣಕ್ಕೆ ಅಂತಲೇ ಫ್ಯಾಕ್ಟರಿಯಲ್ಲಿ ಒಂದಿಷ್ಟು ಹೆಚ್ಚುವರಿ ಇಟ್ಟಿರುತ್ತಾರೆ. ನಾನು ತಿಂದುಹಾಕಿದ್ದು ಅದನ್ನೇ. ಒಂದು ಗಂಟೆ ಭಾರೀ ಗೇಮ್ ಆಡಿದರೆ ಈ ಜಾಗಗಳನ್ನು ಹೆಚ್ಚು ಮುಟ್ಟಿರುವುದಿಲ್ಲ, ಅಲ್ವಾ? ಇನ್ನು ಆ ಎಸ್‌ಒಸಿ ಸಾಲು. ಮೆಮೊರಿ ಕಂಟ್ರೋಲರ್ ಬರುವುದು ಅದರ ಕೆಳಗೆ. ಜಿಪಿಯುಗೆ ವೋಲ್ಟೇಜ್ ಸಾಲದಿದ್ದರೆ ಗೇಮ್ ಬೀಳುತ್ತದೆ, ನಿಮಗೆ ಗೊತ್ತಾಗುತ್ತದೆ. ಮೆಮೊರಿಯಲ್ಲಿ ಒಂದು ಬಿಟ್ ತಿರುಗಿದರೆ, ಅಂದರೆ 0 ಇದ್ದದ್ದು 1 ಆದರೆ, ಏನೂ ಬೀಳದೆ ತಪ್ಪು ಡೇಟಾ ಸದ್ದಿಲ್ಲದೆ ಡಿಸ್ಕ್‌ಗೆ ಹೋಗಬಹುದು.

ಓವರ್‌ಕ್ಲಾಕ್ ವಿಷಯಕ್ಕೆ ಬಂದರೆ, ಬೇಡ. ‘ಸೇಫ್ ಆಗಿ ಹೇಗೆ’ ಅನ್ನುವ ಪ್ರಶ್ನೆಯೇ ಬೇಡ ಅನ್ನುತ್ತೇನೆ. ಡೆಕ್‌ನ ಚಿಪ್‌ಗೆ ಸಿಗುವುದೇ 15 ವಾಟ್, ಅದನ್ನು ಸಿಪಿಯು ಮತ್ತು ಜಿಪಿಯು ಹಂಚಿಕೊಳ್ಳಬೇಕು. ಭಾರೀ ಗೇಮ್‌ನಲ್ಲಿ ಸಿಪಿಯು 3.5 ಗಿಗಾಹರ್ಟ್ಸ್, ಜಿಪಿಯು 1600 ಮೆಗಾಹರ್ಟ್ಸ್ ಎರಡನ್ನೂ ಒಟ್ಟಿಗೆ ಹಿಡಿದಿಡಲು ಅಷ್ಟು ಸಾಲುವುದಿಲ್ಲ. ಹಾಸಿಗೆಯೇ 15 ವಾಟ್‌ನದ್ದಾದರೆ ಕಾಲು ಎಷ್ಟು ಚಾಚಿ ಏನು ಪ್ರಯೋಜನ? ವಾಟ್ ಮಿತಿಯನ್ನೂ ಏರಿಸುತ್ತೇನೆ ಅಂತೀರಾ? ಎಲ್‌ಸಿಡಿ ಮಾಡೆಲ್‌ನ ಬ್ಯಾಟರಿ 40 ವಾಟ್ ಅವರ್, ಇಡೀ ಮೆಷಿನ್ 20 ವಾಟ್ ಎಳೆದರೆ ಎರಡೇ ಗಂಟೆ. ಅದೂ ಅಲ್ಲದೆ ಓವರ್‌ಕ್ಲಾಕ್ ಜಾಸ್ತಿ ವೋಲ್ಟೇಜ್ ಕೇಳುತ್ತದೆ, ಅಂಡರ್‌ವೋಲ್ಟ್ ಇರುವುದನ್ನೂ ಕಸಿಯುತ್ತದೆ. ಒಂದೇ ಹಗ್ಗವನ್ನು ಎರಡೂ ಕಡೆಯಿಂದ ಎಳೆದ ಹಾಗೆ.

ಅಂಡರ್‌ವೋಲ್ಟ್ ಒಂದೇ ಸಾಕು. ಚಿಪ್ ಕೆಲಸ ಮಾಡುವಾಗ ತಿನ್ನುವ ವಿದ್ಯುತ್ತು ವೋಲ್ಟೇಜ್‌ನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಇಳಿಯುತ್ತದೆ. ವೋಲ್ಟೇಜ್ ಶೇ 5 ಇಳಿದರೆ, ಅದೇ ವೇಗದಲ್ಲಿ, ಆ ಖರ್ಚು ಸುಮಾರು ಶೇ 10 ಕಮ್ಮಿ. ಉಳಿದ ವಾಟನ್ನು ಚಿಪ್ ತಾನಾಗಿಯೇ ವೇಗಕ್ಕೆ ಹಾಕಿಕೊಳ್ಳುತ್ತದೆ. ಫ್ರೇಮ್ ಇನ್ನೂ ಸಾಲದು ಅನ್ನಿಸಿದರೆ ಎಲ್‌ಸಿಡಿ ಮಾಡೆಲ್‌ನಲ್ಲಿ ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತದೆ ಅನ್ನೋದು) 40ಕ್ಕೆ ಇಳಿಸಿ 40 ಫ್ರೇಮ್‌ಗೆ ಲಾಕ್ ಮಾಡಿ. 30ರಲ್ಲಿ ಒಂದು ಫ್ರೇಮ್‌ಗೆ 33.3 ಮಿಲಿಸೆಕೆಂಡ್, 60ರಲ್ಲಿ 16.7. 40ರಲ್ಲಿ 25, ಸರಿಯಾಗಿ ನಡುಮಧ್ಯೆ. 60ರ ಹಠ ಬಿಟ್ಟ ದಿನ ನನ್ನ ಅರ್ಧ ತಲೆನೋವು ಹೋಯಿತು.

ಈಗ ನನ್ನದು ಸಿಪಿಯು ಮೈನಸ್ 30, ಜಿಪಿಯು ಮೈನಸ್ 40, ಎಸ್‌ಒಸಿ ಸೊನ್ನೆ. ದಯವಿಟ್ಟು ಇದನ್ನು ಕಾಪಿ ಮಾಡಬೇಡಿ, ಒಂದೇ ಮಾಡೆಲ್ ಆದರೂ ಚಿಪ್‌ನಿಂದ ಚಿಪ್‌ಗೆ ವ್ಯತ್ಯಾಸ ಇರುತ್ತೆ. ಮೊದಲು ಸೇವ್ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಪಕ್ಕಕ್ಕಿಡಿ. ಒಂದೇ ಸಾಲು ಮುಟ್ಟಿ, ಹತ್ತು ಹತ್ತೇ ಇಳಿಸಿ, ಪ್ರತಿ ಹೆಜ್ಜೆಗೂ ಎರಡು ಮೂರು ದಿನ ಕೊಡಿ. ಆ ದಿನಗಳಲ್ಲಿ ಇಪ್ಪತ್ತು ಸಲವಾದರೂ ಸ್ಲೀಪ್ ಮಾಡಿ ಎಬ್ಬಿಸಿ. ಡೌನ್‌ಲೋಡ್ ಹಾಕಿ ಮೆನುವಿನಲ್ಲಿ ಬಿಟ್ಟುಬಿಡಿ, ಗೇಮ್‌ನಿಂದ ಗೇಮ್‌ಗೆ ಹಾರಿ. ಸ್ಟೀಮ್‌ನಲ್ಲಿ ಗೇಮ್ ಫೈಲ್‌ಗಳನ್ನು ವೆರಿಫೈ ಮಾಡುವ ಆಯ್ಕೆ ಇದೆ, ದೊಡ್ಡ ಗೇಮ್ ಒಂದಕ್ಕೆ ಎರಡು ಸಲ ಓಡಿಸಿ. ಮೊದಲ ಸಲ ಸರಿ ಅಂದ ಫೈಲ್ ಎರಡನೇ ಸಲ ತಪ್ಪು ಅಂದರೆ, ಅಥವಾ ಒಂದೇ ಒಂದು ಸಲ ಪರದೆ ಕಪ್ಪಾಗಿ ಎದ್ದರೆ, ನನ್ನ ಹಾಗೆ ಗೇಮನ್ನು ಬೈಯುತ್ತಾ ಕೂರಬೇಡಿ. ಬಯಾಸ್‌ಗೆ ಹೋಗಿ 10 ವಾಪಸ್ ಏರಿಸಿ.