288 ಗೆಲುವಿದ್ದೂ ಟಾಮಿ ಜಾನ್ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್‌ನಲ್ಲಿ ಯಾಕಿಲ್ಲ? ಇನ್ನೊಂದು 12 ಗೆದ್ದಿದ್ದರೆ ಸಿಗುತ್ತಿತ್ತಾ?

ಒಂದು ಕಾಲದಲ್ಲಿ ನಾನೂ ನಿಮ್ಮ ಹಾಗೇ 300 ಗೆಲುವು ಎಂಬ ಗೆರೆಯಿಂದ 288 ಕಳೆದು ಬೇಜಾರು ಮಾಡಿಕೊಳ್ಳುತ್ತಿದ್ದವನು. ಆ ಕಳೆಯುವ ಲೆಕ್ಕವನ್ನೇ ಮೊದಲು ಬಿಡಿ. ಜಾನ್ ಅರ್ಹರೇ ಎಂದರೆ ನನ್ನ ಮಟ್ಟಿಗೆ ಹೌದು. ಆದರೆ 288 ಅದಕ್ಕೆ ಕಾರಣವಲ್ಲ, ಅವರ ಹೆಸರು ಹೊತ್ತ ಶಸ್ತ್ರಚಿಕಿತ್ಸೆಯೂ ಅಲ್ಲ. ಅದೂ ಅಲ್ಲದೆ, ಆ ಬಾಗಿಲಲ್ಲಿ ಅವರಿಗಿಂತ ಮುಂದೆ ನಿಲ್ಲಬೇಕಾದವರು ಇನ್ನೊಬ್ಬರಿದ್ದಾರೆ.

ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವರ ಖಾತೆಗೆ ಗೆಲುವು ಬೀಳುವುದು ಹೇಗೆ ನೋಡಿ. ಪಂದ್ಯ ಶುರು ಮಾಡಿದ ಪಿಚರ್ 9 ಇನ್ನಿಂಗ್ಸ್‌ನಲ್ಲಿ ಕನಿಷ್ಠ 5 ಎಸೆಯಬೇಕು, ಬಿಟ್ಟು ಹೋಗುವಾಗ ತಂಡ ಮುಂದಿರಬೇಕು, ಅವರ ನಂತರ ಬಂದವರು ಆ ಮುನ್ನಡೆಯನ್ನು ಕೊನೆತನಕ ಕಾಯಬೇಕು. ಮೊದಲನೆಯದು ಅವರ ಕೈಯಲ್ಲಿದೆ, ಎರಡನೆಯದು ಅರ್ಧ ಇದೆ, ಮೂರನೆಯದು ಇಲ್ಲವೇ ಇಲ್ಲ. ತಂಡದವರು ಬ್ಯಾಟ್ ಬೀಸದಿದ್ದರೆ 1 ರನ್ ಕೊಟ್ಟವರಿಗೂ ಸೋಲು. 8 ರನ್ ಹೊಡೆದುಕೊಟ್ಟರೆ 5 ಕೊಟ್ಟವರಿಗೂ ಗೆಲುವು. ತಂಡ ಗೆದ್ದ ಟೆಸ್ಟುಗಳನ್ನು ಎಣಿಸಿ ಬೌಲರ್‌ನ ಯೋಗ್ಯತೆ ಅಳೆದ ಹಾಗೆ.

ಜಾನ್ ಅವರ ಎರಡು ವರ್ಷಗಳನ್ನೇ ಪಕ್ಕಪಕ್ಕ ಇಡಿ. 1970ರಲ್ಲಿ ಶಿಕಾಗೋ ವೈಟ್ ಸಾಕ್ಸ್ ಪರ 12 ಗೆಲುವು, 17 ಸೋಲು. ಇಆರ್‌ಎ, ಅಂದರೆ ಫೀಲ್ಡಿಂಗ್ ತಪ್ಪಿನಿಂದ ಬಂದದ್ದು ಬಿಟ್ಟು 9 ಇನ್ನಿಂಗ್ಸ್‌ಗೆ ಕೊಟ್ಟ ರನ್, 3.27. 1980ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಪರ 22 ಗೆಲುವು, 9 ಸೋಲು, ಇಆರ್‌ಎ 3.43. ಕೊಟ್ಟ ರನ್ ಹೆಚ್ಚೂಕಡಿಮೆ ಅಷ್ಟೇ. ಬದಲಾದದ್ದು ತಂಡ. ಆ ವೈಟ್ ಸಾಕ್ಸ್ 106 ಪಂದ್ಯ ಸೋತಿತ್ತು, ಆ ಯಾಂಕೀಸ್ 103 ಗೆದ್ದಿತ್ತು. ಹಾಲ್ ಆಫ್ ಫೇಮ್‌ಗೆ ಮತ ಹಾಕುವ ಪತ್ರಕರ್ತರು 15 ವರ್ಷ ಮಾಡಿದ ತಪ್ಪು ಇದೇ: ಡಾನ್ ಸಟನ್ 324, ಫಿಲ್ ನೀಕ್ರೋ 318 ಎಂದು ಒಳಗೆ ಬಿಟ್ಟರು, 288 ಎಂದಾಗ ಕೈ ಹಿಂದೆಗೆದರು. ಇನ್ನು 12 ಗೆದ್ದಿದ್ದರೆ ಬಹುಶಃ ಸಿಗುತ್ತಿತ್ತು, ನಿಜ. ಆದರೆ ಆ 12ರಿಂದ ಅವರು ಒಂದು ಕೂದಲಿನಷ್ಟೂ ಉತ್ತಮ ಪಿಚರ್ ಆಗುತ್ತಿರಲಿಲ್ಲ. ವಾರ್ಷಿಕ ಪ್ರಶಸ್ತಿಯಲ್ಲಿ ಈ ಬುದ್ಧಿ ಈಗ ಬಂದಿದೆ: 2018ರಲ್ಲಿ ಬರೀ 10 ಗೆಲುವಿನ ಜೇಕಬ್ ಡಿಗ್ರಾಮ್‌ಗೆ ವರ್ಷದ ಅತ್ಯುತ್ತಮ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಕೊಟ್ಟರು, ಇಆರ್‌ಎ 1.70 ನೋಡಿ.

ಹಾಗಾದರೆ ನೋಡಬೇಕಾದದ್ದು ಏನು? ಮೊದಲು ಇನ್ನಿಂಗ್ಸ್. 26 ಸೀಸನ್, 700 ಪಂದ್ಯಗಳ ಆರಂಭ, 4,710 ಇನ್ನಿಂಗ್ಸ್, 46 ಶಟ್‌ಔಟ್ (ಒಂದೂ ರನ್ ಕೊಡದೆ ಪೂರ್ತಿ ಎಸೆದ ಪಂದ್ಯ). ಆಮೇಲೆ ಇಆರ್‌ಎ ಪ್ಲಸ್: ಆ ಕಾಲದ, ಆ ಮೈದಾನಗಳ ಸರಾಸರಿಯನ್ನು 100 ಎಂದಿಟ್ಟುಕೊಂಡರೆ (ಹೆಚ್ಚಿದ್ದಷ್ಟೂ ಒಳ್ಳೆಯದು) ಜಾನ್ 111. ಒಳಗಿರುವ ಸಟನ್ 108, ಜಿಮ್ ಕಾಟ್ 108, ಜ್ಯಾಕ್ ಮಾರಿಸ್ 105. ಸ್ಟ್ರೈಕ್‌ಔಟ್, ಅಂದರೆ ಬ್ಯಾಟರ್ ಚೆಂಡನ್ನು ಹೊಡೆಯಲಾಗದೆ ಔಟಾಗುವುದು, ಕಡಿಮೆ (9 ಇನ್ನಿಂಗ್ಸ್‌ಗೆ 4.3) ಎಂದು ಮೂಗು ಮುರಿಯುವವರಿದ್ದಾರೆ. ಅವರದು ಸಿಂಕರ್, ಬ್ಯಾಟಿನ ಹತ್ತಿರ ಬಂದು ಕೆಳಗಿಳಿಯುವ ಎಸೆತ. ಬ್ಯಾಟರ್ ಹೊಡೆಯಲಿ ಎಂದೇ ಎಸೆಯುವುದು, ಚೆಂಡು ನೆಲದಲ್ಲೇ ಉರುಳುತ್ತದೆ, ಹೋಮ್ ರನ್ ಅಪರೂಪ. ಇದಕ್ಕೆ ಇನ್‌ಫೀಲ್ಡ್ (ಹತ್ತಿರದ ಫೀಲ್ಡರ್‌ಗಳು) ಗಟ್ಟಿಯಿರಬೇಕು ಎನ್ನುವುದೂ ಅಷ್ಟೇ ಸತ್ಯ. ಲಾಸ್ ಏಂಜಲೀಸ್ ಡಾಜರ್ಸ್ ತಂಡದಲ್ಲಿ ಅವರ ಹಿಂದೆ ಅಂಥದ್ದು ಇತ್ತು.

ಈಗ ಮೊಣಕೈ ವಿಷಯ. 1974ರ ಜುಲೈ 17, ಡಾಜರ್ಸ್ ಪರ ಆ ವರ್ಷ 13 ಗೆಲುವು, 3 ಸೋಲು ಇದ್ದಾಗ ಎಡ ಮೊಣಕೈಯ ಒಳಬದಿಯ ಲಿಗಮೆಂಟ್ ಹರಿಯಿತು. ಸೆಪ್ಟೆಂಬರ್ 25ರಂದು ಡಾ. ಫ್ರಾಂಕ್ ಜೋಬ್ ಬಲ ಮುಂಗೈಯಿಂದ ಒಂದು ಟೆಂಡನ್ ತೆಗೆದು, ಎಡ ಮೊಣಕೈಯ ಎರಡೂ ಮೂಳೆಗೆ ತೂತು ಕೊರೆದು, ಅದನ್ನು ಹೆಣೆದು ಕಟ್ಟಿದರು. ಮತ್ತೆ ಆಡುವ ಸಾಧ್ಯತೆ ನೂರಕ್ಕೆ ಒಂದು ಎಂದಿದ್ದರು. ನರಕ್ಕೆ ತೊಂದರೆಯಾಗಿ ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಕೊಯ್ಯಬೇಕಾಯಿತು. 1975 ಇಡೀ ಹೋಯಿತು. 1976ರ ಏಪ್ರಿಲ್‌ನಲ್ಲಿ ವಾಪಸ್ ಬಂದವರು 1989ರತನಕ ಆಡಿ 164 ಪಂದ್ಯ ಗೆದ್ದರು. ಒಂದೇ ಸೀಸನ್‌ನಲ್ಲಿ 20 ಗೆಲುವು ದಾಟಿದ್ದೋ ಮುಟ್ಟಿದ್ದೋ ಮೂರು ಸಲ (1977, 1979, 1980), ಮೂರೂ ಹೊಸ ಕೈಯಲ್ಲಿ.

ಇಷ್ಟಾದರೂ 'ಆಟಕ್ಕೇ ಹೊಸ ದಾರಿ ತೋರಿಸಿದರು, ಅದಕ್ಕಾಗಿ ಕೊಡಿ' ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಆ ಶೋಧ ಜೋಬ್ ಅವರದು. 2013ರಲ್ಲಿ ಹಾಲ್ ಆಫ್ ಫೇಮ್ ಅವರನ್ನು ಗೌರವಿಸಿತು, ಸದಸ್ಯತ್ವ ಕೊಡಲಿಲ್ಲ. ಜಾನ್ ಅವರಿಗೆ ಲೆಕ್ಕಕ್ಕೆ ಬರಬೇಕಾದದ್ದು ಆಮೇಲಿನ 14 ಸೀಸನ್‌ಗಳ ಎಸೆತ.

ಅವರ ವಿರುದ್ಧ ಇರುವ ನಿಜವಾದ ವಾದ 12 ಗೆಲುವಿನದ್ದಲ್ಲ, ಅತ್ಯುತ್ತಮ ವರ್ಷಗಳಲ್ಲಿ ಎಷ್ಟು ಮೇಲೇರಿದರು ಎಂಬುದು. ಸೈ ಯಂಗ್ ಒಮ್ಮೆಯೂ ಸಿಗಲಿಲ್ಲ, ಎರಡು ಸಲ ಎರಡನೇ ಸ್ಥಾನ. ವಾರ್ ಎಂಬ ಅಂಕಿಯಿದೆ: ಸುಲಭಕ್ಕೆ ಸಿಗುವ ಬದಲಿ ಆಟಗಾರನಿಗಿಂತ ಈತನಿಂದ ತಂಡಕ್ಕೆ ಎಷ್ಟು ಗೆಲುವು ಹೆಚ್ಚು ಬಂತು ಎಂಬ ಅಂದಾಜು. ಜಾನ್ ಅವರದು ಸುಮಾರು 62. ಒಳಗಿರುವ ಆರಂಭಿಕ ಪಿಚರ್‌ಗಳ ಸರಾಸರಿ ಸುಮಾರು 73. ಅತ್ಯುತ್ತಮ 7 ಸೀಸನ್ ಮಾತ್ರ ಕೂಡಿಸಿದರೆ ಅಂತರ ಇನ್ನೂ ದೊಡ್ಡದು.

ಇಲ್ಲೇ ಲೂಯಿಸ್ ಟಿಯಾಂಟ್ ಬರುವುದು. ಕ್ಯೂಬಾದವರು. 229 ಗೆಲುವು, ಅಂದರೆ ಜಾನ್‌ಗಿಂತ 59 ಕಡಿಮೆ. ಆದರೆ ಸುಮಾರು 1,200 ಇನ್ನಿಂಗ್ಸ್ ಕಡಿಮೆ ಎಸೆದೂ ವಾರ್ ಸುಮಾರು 66, ಶಟ್‌ಔಟ್ 49, ಇಆರ್‌ಎ ಪ್ಲಸ್ 114. ಅಮೆರಿಕನ್ ಲೀಗ್‌ನ ಅತಿ ಕಡಿಮೆ ಇಆರ್‌ಎ ಎರಡು ಸಲ: 1968ರಲ್ಲಿ 1.60, 1972ರಲ್ಲಿ 1.91. ಅಂಥ ಒಂದು ವರ್ಷ ಜಾನ್ ಬಳಿ ಇಲ್ಲ. 1968ರಲ್ಲಿ ಅವರೂ 1.98ಕ್ಕೆ ಇಳಿದಿದ್ದರು, ಆದರೆ ಆಗಸ್ಟ್‌ನಲ್ಲಿ ಡೆಟ್ರಾಯಿಟ್‌ನ ಡಿಕ್ ಮಕಾಲಿಫ್ ಜೊತೆ ಮೈದಾನದಲ್ಲೇ ಜಗಳವಾಗಿ ಭುಜಕ್ಕೆ ಪೆಟ್ಟು ಬಿದ್ದು ಸೀಸನ್ ಮುಗಿಯಿತು. ಗೆಲುವಿನ ಕಾಲಮ್ ಮುಚ್ಚಿ ಇಬ್ಬರನ್ನೂ ನೋಡಿದರೆ ಟಿಯಾಂಟ್ ಮೊದಲು, ಜಾನ್ ಆಮೇಲೆ.

ಪತ್ರಕರ್ತರ ಮತದಲ್ಲಿ ಶೇ 75 ಬೇಕಿತ್ತು. ಜಾನ್‌ಗೆ ಕೊನೆಯ ಅವಕಾಶವಾದ 2009ರಲ್ಲಿ ಬಂದದ್ದು ಶೇ 31.7, ಅದೇ ಗರಿಷ್ಠ. ಈಗ ಉಳಿದಿರುವುದು ಹಳೆಯ ಆಟಗಾರರನ್ನು ನೋಡುವ 16 ಜನರ ಸಮಿತಿ, 12 ಮತ ಬೇಕು. 2024ರ ಡಿಸೆಂಬರ್‌ನಲ್ಲಿ ಡೇವ್ ಪಾರ್ಕರ್‌ಗೆ 14, ಡಿಕ್ ಆಲನ್‌ಗೆ 13, ಜಾನ್‌ಗೆ 7, ಟಿಯಾಂಟ್‌ಗೆ 5ಕ್ಕಿಂತ ಕಡಿಮೆ. (1971ರ ಕೊನೆಗೆ ಡಾಜರ್ಸ್ ಜಾನ್ ಅವರನ್ನು ಕರೆಸಿಕೊಂಡದ್ದು ಇದೇ ಆಲನ್ ಅವರನ್ನು ಶಿಕಾಗೋಗೆ ಕೊಟ್ಟು!) ಸದಸ್ಯರು ತಲಾ ಮೂರೇ ಹೆಸರಿಗೆ ಮತ ಹಾಕಬಹುದು. ಅಂದರೆ ಇರುವುದೇ 48 ಮತ. ಇಬ್ಬರು ಆಯ್ಕೆಯಾದ ಮೇಲೆ ಉಳಿದ ಆರು ಮಂದಿಗೆ 21ಕ್ಕಿಂತ ಹೆಚ್ಚು ಸಿಗುವ ಹಾಗೇ ಇರಲಿಲ್ಲ. ಅದರಲ್ಲಿ 7 ಎಂದರೆ ಕೆಟ್ಟದ್ದೇನಲ್ಲ. ಈ ಸಮಿತಿ ಮತ್ತೆ ಕೂರುವುದು 2027ರ ಡಿಸೆಂಬರ್‌ನಲ್ಲಿ. ಆಗ ಪಾರ್ಕರ್, ಆಲನ್ ಇಬ್ಬರ 27 ಮತ ಖಾಲಿಯಿರುತ್ತದೆ.